ನಿಮ್ಮ ವೇದಿಕೆಯ ಮೇಲೆ ಕಳೆದುಹೋದ ಎಡಗೈ

ಪೇಟೆಂಟ್ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀವೇ ವೇದಿಕೆ ಹತ್ತಿಸಿ, ಫಲಕ ಕೊಟ್ಟು, ಫೋಟೊ ತೆಗೆಸಿದ ಕಾರಣಕ್ಕೇ ನಮ್ಮಕ್ಕನ ಆವಿಷ್ಕಾರ ಹೊರದೇಶಗಳಲ್ಲಿ ಅವಳದಲ್ಲ ಎಂದಾಗಿದೆ. ನನ್ನ ದೂರು ಇಷ್ಟೇ. ಉಳಿದದ್ದು ವಿವರಣೆ. ವ್ಯವಧಾನವಿದ್ದರೆ ಓದಿ, ಇಲ್ಲದಿದ್ದರೆ ನಿಮ್ಮ ಕಚೇರಿಯ ರೂಢಿಯಂತೆ 'ಸೂಕ್ತ ಕ್ರಮಕ್ಕಾಗಿ' ಎಂದು ಗೀಚಿ ಪಕ್ಕದ ಮೇಜಿಗೆ ತಳ್ಳಿ.

ನಮ್ಮಕ್ಕ ದರ್ಜಿ. ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ನಾನು ಹೊಲಿಗೆ ಯಂತ್ರ ರಿಪೇರಿ ಮಾಡುತ್ತೇನೆ. ಲಕ್ವ ಹೊಡೆದು ಅವಳ ಎಡಗೈ ಸ್ವಾಧೀನ ತಪ್ಪಿದಾಗ, ಇನ್ನು ಆರಾಮವಾಗಿ ಮನೆಯಲ್ಲಿರು ಎಂದು ಬಂದವರೆಲ್ಲ ಉಪದೇಶ ಮಾಡಿ ಹೋದರು. ಹೊಲಿದ ಕೋಟು ಹಾಕಿಕೊಳ್ಳುವವರಿಗೆ ದರ್ಜಿಯ ಎಡಗೈ ಏನು ಮಾಡುತ್ತದೆಂದು ಗೊತ್ತಿರುವುದಿಲ್ಲ. ಸೂಜಿಯ ಕೆಳಗೆ ಬಟ್ಟೆಯನ್ನು ಹದವಾಗಿ ಹಿಡಿದು, ತಿರುವು ಬಂದಾಗ ತಿರುಗಿಸುವುದು ಅದೇ. ಅಕ್ಕ ಸುಮ್ಮನೆ ಕೂರುವ ಪೈಕಿಯವಳಲ್ಲ. ಹಾಳೆಯ ಮೇಲೆ ಗೆರೆ ಎಳೆದು, ನನ್ನ ಪೆಟ್ಟಿಗೆಯಿಂದ ಸ್ಪ್ರಿಂಗು, ಸೈಕಲ್ಲಿನ ಬ್ರೇಕ್ ವೈರು ಎಲ್ಲ ಎತ್ತಿಕೊಂಡು, ನನ್ನ ಪ್ರಾಣ ತಿಂದು ಒಂದು ಹಿಡಿಕೆ ಮಾಡಿಸಿದಳು. ಮೊಣಕಾಲಿನಿಂದ ಒತ್ತಿದರೆ ಅದು ಬಟ್ಟೆ ಹಿಡಿಯುತ್ತದೆ, ಪಕ್ಕಕ್ಕೆ ತಳ್ಳಿದರೆ ತಿರುಗಿಸುತ್ತದೆ. ಅದಕ್ಕೆ ಅವಳಿಟ್ಟ ಹೆಸರು 'ಎಡಗೈ'. ಅದರ ನೆರವಿನಿಂದ ಮೊದಲ ಕಾಲರ್ ಹೊಲಿದು ಮುಗಿಸಿದ ದಿನ ಅವಳು ಅತ್ತಳು. ನಾನೂ ಅತ್ತೆ, ಬರೆಯಲು ನಾಚಿಕೆಯೇನಿಲ್ಲ.

ನಮ್ಮ ಬೀದಿಯ ದರ್ಜಿಗಳಲ್ಲಿ ಒಂದು ಕಟ್ಟಳೆ ಇದೆ. ಯಾರಿಗಾದರೂ ಹೊಸ ಕಟಿಂಗ್ ಹೊಳೆದರೆ ಅದನ್ನು ಹೊಲಿದು ಅಂಗಡಿಯ ಬಾಗಿಲಿಗೆ ತೂಗುಹಾಕುತ್ತಾರೆ. ಹಾಗೆ ತೂಗುಹಾಕಿದ ಮೇಲೆ ಅದು ಅವರದು. ಬೇರೆಯವರು ಕೇಳದೆ ಆ ಮಾದರಿಗೆ ಕತ್ತರಿ ಹಾಕುವುದಿಲ್ಲ, ಹಾಕಿದರೆ ಬೀದಿಯಲ್ಲಿ ಯಾರೂ ಮಾತಾಡಿಸುವುದಿಲ್ಲ. ನಾಲ್ಕು ಜನರ ಕಣ್ಣಿಗೆ ಬೀಳುವಂತೆ ತೋರಿಸುವುದೇ ನಮ್ಮಲ್ಲಿ ನೋಂದಣಿ. ನಿಮ್ಮ ಲೋಕದ ಲೆಕ್ಕ ಇದಕ್ಕೆ ತಲೆಕೆಳಗು ಎಂದು ನಮಗೆ ಯಾರು ಹೇಳಬೇಕಿತ್ತು? ನಮ್ಮ ಇಸ್ತ್ರಿ ಪೆಟ್ಟಿಗೆಯೇ?

ನೀವು ಹೇಳಬಹುದಿತ್ತು. ಹೇಳುವ ಬದಲು ಆಹ್ವಾನ ಕಳಿಸಿದಿರಿ. ಆವಿಷ್ಕಾರಿಗಳ ಪ್ರದರ್ಶನವಂತೆ, ನಿಮ್ಮ ಕಚೇರಿಯದೇ ಏರ್ಪಾಡಂತೆ. ಅಕ್ಕ ಒಳ್ಳೆಯ ಸೀರೆ ಉಟ್ಟು ಬಂದಳು. ವೇದಿಕೆಯ ಮೇಲೆ ಹಿಡಿಕೆಯ ಮುಚ್ಚಳ ತೆಗೆಯಲು ಅವಳು ಅನುಮಾನಿಸಿದಾಗ ನಿಮ್ಮ ಬಾಯಿಂದ ಬಂದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ಸಂಕೋಚ ಬೇಡಮ್ಮ, ಪೂರ್ತಿ ಬಿಚ್ಚಿ ತೋರಿಸಿ. ಒಳಗೆ ಹೇಗೆ ಕೆಲಸ ಮಾಡುತ್ತೆ ಅಂತ ಜನಕ್ಕೆ ಗೊತ್ತಾಗ್ಲಿ." ಬಿಚ್ಚಿದಳು. ನಿಮ್ಮ ಛಾಯಾಗ್ರಾಹಕರು ಸ್ಪ್ರಿಂಗು ಸ್ಪ್ರಿಂಗಿಗೂ ಒಂದೊಂದು ಚಿತ್ರ ತೆಗೆದರು. ಅವನ್ನೆಲ್ಲ ಪುಸ್ತಿಕೆಯಲ್ಲಿ ಅಚ್ಚು ಹಾಕಿ ಊರೂರಿಗೆ ಹಂಚಿದಿರಿ.

ಆಮೇಲೆ ನಿಮ್ಮ ಕಚೇರಿಗೇ ಬಂದೆವು. ವಿಶ್ವ ಪೇಟೆಂಟ್ ಬೇಕಿತ್ತು ಎಂದೆ. ಕಿಟಕಿಯಾಚೆಯ ಗುಮಾಸ್ತರು ಪಕ್ಕದವರನ್ನು ಕರೆದು, "ಬಾರಯ್ಯ, ಇವರಿಗೆ ವಿಶ್ವ ಬೇಕಂತೆ" ಎಂದು ನಕ್ಕರು. ನಗುವಿನ ನಡುವೆ ಪಾಠವನ್ನೂ ಮಾಡಿದರು. ವಿಶ್ವಕ್ಕೆಲ್ಲ ಒಂದೇ ಪೇಟೆಂಟ್ ಎಂಬುದು ಇಲ್ಲವೇ ಇಲ್ಲ. ಮೊದಲು ಇಲ್ಲಿ ಅರ್ಜಿ, ಅಲ್ಲಿಂದ ಒಂದು ವರ್ಷದೊಳಗೆ ಅಂತರರಾಷ್ಟ್ರೀಯ ಅರ್ಜಿ. ಅದು ಬರೀ ಸರದಿಯಲ್ಲಿ ಜಾಗ ಕಾದಿರಿಸಿದ ಹಾಗೆ. ಇಂಥದ್ದು ಈ ಮೊದಲೇ ಇತ್ತೇ ಎಂದು ಆ ಅರ್ಜಿ ನೋಡುವವರು ಹುಡುಕಿ ವರದಿ ಕೊಡುತ್ತಾರೆ. ಆಮೇಲೆ ಬೇಕಾದ ದೇಶಗಳಿಗೆ ಒಂದೊಂದಾಗಿ ಹೋಗಿ, ಅವರವರ ಭಾಷೆಯಲ್ಲಿ, ಅವರವರ ಬಾಗಿಲು ತಟ್ಟಬೇಕು. ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡಿದೆವು. ಎಲ್ಲಾದರೂ ತೋರಿಸಿದ್ದೀರಾ ಎಂದು ಮಾತ್ರ ಆ ಕಿಟಕಿಯಲ್ಲಿ ಯಾರೂ ಕೇಳಲಿಲ್ಲ. ಕೇಳುವುದೇಕೆ, ಅವರ ತಲೆಯ ಮೇಲಿನ ಗೋಡೆಯಲ್ಲೇ ಅಕ್ಕನ ಫೋಟೊ ಇತ್ತಲ್ಲ!

ಹುಡುಕಾಟದ ವರದಿ ಬಂತು. ಜಗತ್ತನ್ನೆಲ್ಲ ಜಾಲಾಡಿದರೂ ಅಕ್ಕನ ಎಡಗೈಯಂಥದ್ದು ಅವರಿಗೆ ಇನ್ನೊಂದು ಸಿಗಲಿಲ್ಲ. ಸಿಕ್ಕಿದ್ದು ಒಂದೇ ದಾಖಲೆ, ನಿಮ್ಮ ಪುಸ್ತಿಕೆ. ಅರ್ಜಿಗಿಂತ ಮೊದಲೇ ಬಹಿರಂಗವಾದ್ದರಿಂದ ಇದು ಹೊಸತಲ್ಲವಂತೆ. ಅಕ್ಕನ ಆವಿಷ್ಕಾರಕ್ಕೆ ಅಡ್ಡ ನಿಂತವಳು ಅಕ್ಕನೇ! ಸರ್ಕಾರಿ ಪ್ರದರ್ಶನದಲ್ಲಿ ತೋರಿಸಿದ್ದನ್ನು ನಮ್ಮ ದೇಶದ ಕಾನೂನು ಒಂದು ವರ್ಷದ ಮಟ್ಟಿಗೆ ಮನ್ನಿಸುತ್ತದೆ, ಹಾಗಾಗಿ ಇಲ್ಲಿಯ ಪೇಟೆಂಟ್ ಉಳಿಯಿತು. ನಾವು ಹೋಗಬೇಕೆಂದಿದ್ದ ದೇಶಗಳಲ್ಲಿ ಆ ವಿನಾಯಿತಿ ಇಲ್ಲ.

ಅಂಥ ಒಂದು ದೇಶದ ಯಂತ್ರ ಕಂಪನಿ ಅಕ್ಕನ ಎಡಗೈಯನ್ನು ತಯಾರಿಸಿ, ಮಾರಾಟದಲ್ಲಿ ಅವಳಿಗೂ ಪಾಲು ಕೊಡುವುದಾಗಿ ಮಾತಾಡುತ್ತಿತ್ತು. ಒಂದು ಕೈಯಲ್ಲಿ ಹೊಲಿಯುವವರ ಕೈಗೆಲ್ಲ ಅದು ಸೇರುತ್ತದೆ, ತನ್ನ ದುಡಿಮೆಯ ಅನ್ನ ತಾನು ತಿನ್ನಬಹುದು ಎಂದು ಅವಳು ಆಸೆಯಿಟ್ಟಿದ್ದಳು. ವರದಿ ಕಂಡ ಮೇಲೆ ಕಂಪನಿಯವರು ಬಹಳ ವಿನಯದಿಂದ ಬರೆದರು: ತಮ್ಮ ದೇಶದಲ್ಲಿ ಇದನ್ನು ಈಗ ಯಾರು ಬೇಕಾದರೂ ಮಾಡಬಹುದಾದ್ದರಿಂದ ತಾವೂ ಮಾಡುತ್ತಿದ್ದಾರಂತೆ. ನಿಮ್ಮ ಪುಸ್ತಿಕೆಯ ಚಿತ್ರಗಳು ಬಹಳ ಸ್ಪಷ್ಟವಾಗಿವೆಯಂತೆ. ತೆಗೆದವರಿಗೆ ಅಭಿನಂದನೆ ತಿಳಿಸಬೇಕಂತೆ. ಇಗೋ, ತಿಳಿಸಿದ್ದೇನೆ.

ಆ ಕಾಗದ ಹಿಡಿದು ನಿಮ್ಮ ಕೋಣೆಗೆ ಬಂದಾಗ ನೀವು ಫ್ಯಾನು ಜೋರು ಮಾಡಿಸಿ ಹೇಳಿದಿರಿ: "ನೋಡಿ, ಪ್ರೋತ್ಸಾಹ ಕೊಡೋದು ನಮ್ಮ ಕೆಲಸ. ಕಾನೂನು ತಿಳ್ಕೊಳ್ಳೋದು ನಿಮ್ಮ ಜವಾಬ್ದಾರಿ." ಪಕ್ಕದಲ್ಲಿದ್ದ ಅಕ್ಕ ಮೆಲ್ಲಗೆ ಕೇಳಿದಳು: "ಹಾಗಾದ್ರೆ ನೀವು ಕರೆದಾಗ ನಾನು ಬಂದಿದ್ದೇ ತಪ್ಪಾ, ಸಾರ್?" ನೀವು ಗಡಿಯಾರ ನೋಡಿಕೊಂಡಿರಿ. ಮನೆಗೆ ಬಂದು ಅವಳು ಹೊಲಿಗೆಗೆ ಕೂತಳು.

ಕಳೆದುಹೋದದ್ದು ತಿರುಗಿ ಬರುವುದಿಲ್ಲವೆಂದು ಬಲ್ಲೆ. ನನ್ನ ಬೇಡಿಕೆ ಸಣ್ಣದು. ನಿಮ್ಮ ಆಹ್ವಾನ ಪತ್ರಿಕೆಯ ನೆತ್ತಿಯ ಮೇಲೆ, ಮುಖ್ಯ ಅತಿಥಿಗಳ ಬಿರುದಾವಳಿಗಿಂತ ದಪ್ಪ ಅಕ್ಷರದಲ್ಲಿ ಒಂದು ಸಾಲು ಅಚ್ಚಾಗಬೇಕು: 'ಮೊದಲು ಅರ್ಜಿ ಹಾಕಿ, ಆಮೇಲೆ ತೋರಿಸಿ.' ಸಭಾಂಗಣದ ಬಾಗಿಲಲ್ಲೇ ಅರ್ಜಿ ತೆಗೆದುಕೊಳ್ಳುವ ಒಂದು ಮೇಜೂ ಇರಬೇಕು. ಕಾಫಿಗೆ ಹಾಕುವ ಮೇಜುಗಳಲ್ಲಿ ಒಂದನ್ನು ಈ ಕಡೆ ಎಳೆದರೆ ಸಾಕು.

ಈ ವರ್ಷದ ಆಹ್ವಾನವೂ ಬಂದಿದೆ. ಅದರಲ್ಲಿ ಆ ಸಾಲಿಲ್ಲ. ಆದರೂ ಅಕ್ಕ ಬರುತ್ತಾಳೆ, ಅವಳು ಇನ್ನೊಂದು ಹೊಸದನ್ನು ಮಾಡಿದ್ದಾಳೆ. ಚೀಲದಲ್ಲಿಟ್ಟು, ಚೀಲದ ಬಾಯಿ ಹೊಲಿದುಕೊಂಡೇ ವೇದಿಕೆ ಹತ್ತುತ್ತಾಳಂತೆ. ಅರ್ಜಿಯ ರಸೀದಿಯನ್ನು ನೀವು ಅವಳ ಬಲಗೈಗೆ ಕೊಟ್ಟ ಮೇಲೆಯೇ ಹೊಲಿಗೆ ಬಿಚ್ಚುವುದು. ಚೀಲದೊಳಗೆ ಏನಿದೆ ಎಂದು ನಿಮಗೆ ಕುತೂಹಲವಿರಬಹುದು. ಕ್ಷಮಿಸಿ, ಇಲ್ಲಿ ಬರೆಯಲಾರೆ. ಇದು ಬಹಿರಂಗ ಪತ್ರ.

ಇಂತಿ,
ಅಂದು ನಿಮ್ಮ ಸಭಾಂಗಣದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ,
ಹೊಲಿಗೆ ಯಂತ್ರ ರಿಪೇರಿಯವ