ಬಸಿದಿಟ್ಟ ಕಾಳು

ಕುಂತೂರು
ಭಾನುವಾರ, ೧೪ ಡಿಸೆಂಬರ್ ೨೦೨೫

ಚಿ. ಸೌ. ಶೃತಿಗೆ, ನಿನ್ನ ಅತ್ತೆ ಪುಟ್ಟಮಲ್ಲಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ಇಲ್ಲಿರುವವರು ನಾನು, ನಿನ್ನ ಗಂಡ ಬಸವೇಶ ಮತ್ತು ಎರಡು ಹಸು. ಹಸುಗಳು ಕ್ಷೇಮ. ನಿನ್ನ ಗಂಡ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದು, ತಟ್ಟೆಯ ಮುಂದೆ ಕೂತು, ಫೋನು ನೋಡಿ ಎದ್ದು ಹೋಗುತ್ತಾನೆ. ನನ್ನ ವಿಷಯ ಕೊನೆಯಲ್ಲಿ ನೋಡೋಣ.

ಫೋನು ಇರುವಾಗ ಈ ಮುದುಕಿ ಕಾಗದ ಯಾಕೆ ಬರೆದಳು ಎಂದುಕೊಳ್ಳುತ್ತೀಯ. ನಾನು ಮಾಡಿದ ಫೋನನ್ನು ನೀನು ಎತ್ತುವುದಿಲ್ಲ, ಅದೊಂದು. ಎತ್ತಿದರೂ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ಅದು ಇನ್ನೊಂದು. ಒಳ್ಳೆಯದನ್ನು ಹೇಳಲು ಹೊರಟರೂ ಅದು ಖಾರ ಅರೆದುಕೊಂಡೇ ಬರುತ್ತದೆ. ಪೆನ್ನಾದರೆ ನಿಧಾನ. ಯಳಂದೂರಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಒತ್ತಕ್ಷರ ತಪ್ಪಿದ್ದರೆ ನಗು, ಬೇಜಾರಿಲ್ಲ.

ನೀನು ಮಗುವನ್ನು ಎತ್ತಿಕೊಂಡು ರಾಮಾಪುರದ ನಿನ್ನ ತವರಿಗೆ ಹೋಗಿ ತಿಂಗಳಾಗುತ್ತ ಬಂತು. ಅಂದು ನಡೆದದ್ದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಅಂಗನವಾಡಿ ಟೀಚರು ಪ್ರೇಮಾ ನಮ್ಮ ಜಗಲಿಯ ಮೇಲೆ ಕೂತು ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿದಳು. ಹಸಿರಿನಲ್ಲಿ ನಿಲ್ಲಬೇಕಾದ ಗುರುತು ಹಳದಿಯಲ್ಲಿ ನಿಂತಿತು. ತೂಕವೂ ವಯಸ್ಸಿಗೆ ಸಾಲದು ಎಂದಳು. "ಗಾಬರಿ ಆಗ್ಬೇಡಿ ಕಣವ್ವ, ಕೆಂಪಿಗೆ ಓಗಿಲ್ಲ. ಈಗ್ಲೇ ನೋಡ್ಕಂಡ್ರೆ ಸರಿ ಓಯ್ತದೆ. ಇಂಗೇ ಬುಟ್ರೆ ಒಂದು ಜ್ವರ, ಒಂದು ಭೇದಿ ಸಾಕು, ಮಗ ತಡ್ಕಳಲ್ಲ" ಎಂದಳು. ಅಪೌಷ್ಟಿಕತೆ ಎಂಬ ಮಾತನ್ನೂ ಆಡಿದಳು. ನನಗೆ ಉರಿದು ಹೋಯಿತು. ಕಬ್ಬಿನ ಗದ್ದೆ ಇರುವ ಮನೆ, ಹಾಲು ಕರೆಯುವ ಹಸು ಇರುವ ಮನೆ, ಅಟ್ಟದಲ್ಲಿ ಅಲಸಂದೆ, ಹುರುಳಿ, ಅವರೆ ಮೂಟೆಗಳಲ್ಲಿ ಇರುವ ಮನೆ. ನಮ್ಮ ಮಗುವನ್ನು ಉಪವಾಸದ ಮಕ್ಕಳ ಪಂಕ್ತಿಯಲ್ಲಿ ಕೂರಿಸುತ್ತೀಯಾ ಎಂದು ಅವಳನ್ನು ಜಗಲಿಯಿಂದ ಎಬ್ಬಿಸಿ ಕಳುಹಿಸಿದೆ. ಮೊಟ್ಟೆ ತಿನ್ನದ ಮನೆಯಾದರೆ ಬೇಡ, ಕಾಳು, ಕಡಲೆಬೀಜವಾದರೂ ಕೊಡಿ ಎಂದು ಅವಳು ಬೀದಿಯಿಂದಲೇ ಹೇಳಿದ್ದು ನನ್ನ ಕಿವಿಗೆ ಬಿತ್ತು. ಕೇಳದವಳ ಹಾಗೆ ಒಳಗೆ ಬಂದೆ.

ನಮ್ಮ ಚಿಕ್ಕ ಯಜಮಾನನನ್ನು ನೋಡಿದರೆ ಯಾರಿಗೆ ಗೊತ್ತಾಗುತ್ತದೆ, ನೀನೇ ಹೇಳು. (ನಿನ್ನ ಮಾವನವರ ಹೆಸರನ್ನೇ ಇಟ್ಟಿರಿ. ನಾನು ಬಾಯಿಬಿಟ್ಟು ಕರೆಯುವ ಹಾಗಿಲ್ಲ. ನನಗೆ ಅವನು ಚಿಕ್ಕ ಯಜಮಾನನೇ.) ಮೂಳೆ ಕಾಣುತ್ತಿರಲಿಲ್ಲ, ಕೆನ್ನೆ ಬತ್ತಿರಲಿಲ್ಲ. ಆಳು ಸ್ವಲ್ಪ ಗಿಡ್ಡ, ತೋಳು ಸ್ವಲ್ಪ ಸಣ್ಣ, ಅಷ್ಟೇ. ಐದು ತಿಂಗಳ ಕೂಸಾಗಿ ನಿನ್ನ ತವರಿಂದ ಬಂದವನು, ಒಂದೂವರೆ ವರ್ಷದವನಾದರೂ ಕೂರಿಸಿದ ಕಡೆ ಕೂತಿರುತ್ತಿದ್ದ. ಹಟ ಇಲ್ಲ, ರಂಪ ಇಲ್ಲ. "ನಮ್ಮ ಮಗ ಅಳಾದೇ ಇಲ್ಲ ಕಣ್ರಿ, ಬಂಗಾರದಂತ ಮಗ" ಎಂದು ನಾನು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ನೀನೂ ಬಸವೇಶನೂ ಅವನನ್ನು ಕೊಳ್ಳೇಗಾಲದ ಡಾಕ್ಟರಿಗೆ ತೋರಿಸಿಕೊಂಡು ಬಂದಿರಿ. ರೋಗ ಏನೂ ಇಲ್ಲ, ಊಟ ತೆಳು ಎಂದರಂತೆ. ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬಿಹೋಗುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಕಾಳು, ಬೇಳೆ ನುಣ್ಣಗೆ ಕಿವುಚಿ ತುಪ್ಪ ಬಿಟ್ಟು ಗಟ್ಟಿಯಾಗಿ ತಿನ್ನಿಸಿ, ಸ್ವಲ್ಪ ಸ್ವಲ್ಪವೇ ದಿನಕ್ಕೆ ನಾಲ್ಕೈದು ಸಲ. ಹಾಲಿಗೆ ನೀರು ಬೆರೆಸಬೇಡಿ ಎಂದರಂತೆ. ಹಾಲಿಗೆ ನೀರು ಬೆರೆಸುತ್ತಿದ್ದವಳು ನಾನೇ. ಡೈರಿಗೆ ಹಾಕುವ ಹಾಲಿಗೆ ಒಂದು ತೊಟ್ಟು ಬೆರೆಸಿದವಳಲ್ಲ, ಮೊಮ್ಮಗನಿಗೆ ಅಜೀರ್ಣವಾದೀತು ಎಂದು ಬೆರೆಸುತ್ತಿದ್ದೆ.

ಅಂದು ಸಂಜೆ ಮಾಡಿದ್ದು ಅಲಸಂದೆ ಕಾಳಿನ ಉಪ್ಸಾರು. ಕಾಳೂ ಸೊಪ್ಪೂ ಬೇಯಿಸಿ, ಬೆಂದ ನೀರನ್ನೆಲ್ಲ ಕಟ್ಟು ಎಂದು ಬಸಿದುಕೊಂಡು ಕಾಳನ್ನು ಪಕ್ಕಕ್ಕೆ ಇಟ್ಟಿದ್ದೆ. ಆ ಕಟ್ಟಿನಲ್ಲಿ ಒಂದು ಚೂರು ಮುದ್ದೆ ಕದಡಿ ಮಗುವಿಗೆ ಕುಡಿಸುವುದು ದಿನದ ಪದ್ಧತಿ. ನೀನು ಬಂದು ಬಸಿದಿಟ್ಟ ಕಾಳಿಗೆ ಸೌಟು ಹಾಕಿದೆ. ನಾನು ನಿನ್ನ ಕೈ ಹಿಡಿದೆ. ಕಾಳು ಮಗುವಿಗೆ ಹೊಟ್ಟೆ ಉಬ್ಬರಿಸುತ್ತದೆ, ಸತ್ವವೆಲ್ಲ ಕಟ್ಟಿನಲ್ಲೇ ಇರುತ್ತದೆ ಎಂದೆ. "ಅಂಗಾದ್ರೆ ನಾವ್ಯಾಕೆ ಕಾಳು ತಿಂತೀವಿ ಅತ್ತೆ? ಎಲ್ರೂ ಕಟ್ಟೇ ಕುಡಿಯಣ" ಎಂದು ನೀನು ಕೇಳಿದೆ. ಮೆತ್ತಗೇ ಕೇಳಿದೆ. ಅದಕ್ಕೆ ನನ್ನ ಬಾಯಿಂದ ಬೈಗುಳ ಬಂತು. "ರಾಮಾಪುರದ ಒಣನೆಲದಿಂದ ಬಂದೋಳು ಕುಂತೂರಿನ ಮನೆಗೆ ಉಣ್ಣಾದು ಕಲಿಸ್ತಿಯಾ" ಎಂದುಬಿಟ್ಟೆ. ನೀನು ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ಬೆಳಿಗ್ಗೆ ಬ್ಯಾಗು ಹಿಡಿದು ಹೊರಟೆ. ಆ ಒಣನೆಲದಲ್ಲಿ ನಿಮ್ಮಪ್ಪ ಬೆಳೆದ ಕಡಲೆಕಾಯಿಯನ್ನೇ ಚಿಕ್ಕ ಯಜಮಾನ ಈಗ ತಿನ್ನುತ್ತಿದ್ದಾನೆ ಎಂದು ಬಸವೇಶ ಹೇಳಿದ. ನಿಮ್ಮಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಶೃತಿ, ಕಟ್ಟು ಎಂದರೆ ನನಗೆ ಏನು ಎಂಬುದು ನಿನಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ, ನಾನು ಹೇಳಿದ್ದರೆ ತಾನೇ.

ನನ್ನ ತವರು ಅಗರದಲ್ಲಿ ನಮ್ಮದು ತುಂಬಿದ ಮನೆ. ಅಪ್ಪ, ಚಿಕ್ಕಪ್ಪಂದಿರು, ಅವರ ಮಕ್ಕಳು, ಎಲ್ಲರಿಗೂ ಒಂದೇ ಒಲೆ. ಮಕ್ಕಳಾದ ನಾವು ಕತ್ತಲಾಗುವ ಮೊದಲೇ ಒಲೆಯ ಮುಂದೆ ಸಾಲಾಗಿ ಕೂರುತ್ತಿದ್ದೆವು. ಅಜ್ಜಿ ಮಡಕೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಬಗ್ಗಿಸಿದರೆ ಕಟ್ಟು ಕೆಳಗಿನ ಪಾತ್ರೆಗೆ ಬಿಸಿ ಬಿಸಿಯಾಗಿ ಇಳಿಯುತ್ತಿತ್ತು. ಅದರ ಹಬೆ ಮುಖಕ್ಕೆ ಹೊಡೆಯುತ್ತಿತ್ತು, ಬೆಂದ ಸೊಪ್ಪಿನ ವಾಸನೆ, ಜಜ್ಜಿದ ಬೆಳ್ಳುಳ್ಳಿಯ ವಾಸನೆ. ಅಜ್ಜಿ ಕಂಚಿನ ಬಟ್ಟಲಿಗೆ ಕಟ್ಟು ಬಿಟ್ಟು, ಉಪ್ಪು ಹಾಕಿ, ಊದಿ ಊದಿ ಆರಿಸಿ ಒಬ್ಬೊಬ್ಬರ ತುಟಿಗೂ ಹಿಡಿಯುತ್ತಿದ್ದಳು. ನಾನು ಎಲ್ಲರಿಗಿಂತ ಚಿಕ್ಕವಳಾದ್ದರಿಂದ ನನಗೆ ತೊಡೆಯ ಮೇಲೆ ಜಾಗ. "ಕುಡೀರವ್ವ, ಸತ್ವ ಎಲ್ಲ ಕಟ್ಟಲ್ಲದೆ. ಕಾಳು ಬರೀ ಸಿಪ್ಪೆ, ಗಂಡಸ್ರು ತಿನ್ಲಿ" ಎನ್ನುತ್ತಿದ್ದಳು. ನಮಗೆ ಎಂಥ ಹೆಮ್ಮೆ ಅನ್ನುತ್ತೀಯ. ಗೇಯ್ದು ಬಂದ ಗಂಡಸರು ಪಾಪ ಸಿಪ್ಪೆ ತಿನ್ನುತ್ತಿದ್ದಾರೆ, ಸತ್ವವೆಲ್ಲ ನಮ್ಮದು ಎಂದು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದೆವು. ಅಜ್ಜಿಯ ಮುಖ ಈಗ ಸರಿಯಾಗಿ ನೆನಪಿಲ್ಲ, ಆ ಬಟ್ಟಲಿನ ಅಂಚಿನ ಬಿಸಿ ಮಾತ್ರ ತುಟಿಯ ಮೇಲೆ ಹಾಗೇ ಇದೆ. ನನ್ನ ಮೊಮ್ಮಗನಿಗೆ ನಾನು ಕುಡಿಸಿದ್ದು ಅದನ್ನೇ. ಅದಕ್ಕಿಂತ ದೊಡ್ಡದು ನನ್ನ ಹತ್ತಿರ ಏನೂ ಇರಲಿಲ್ಲ.

ನೀನು ಹೋದ ಮೇಲೆ ನಿನ್ನ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಾಕ್ಷಿ ತರುತ್ತೇನೆ ಎಂದುಕೊಂಡೆ. ಹೋದ ವಾರ ಬಸ್ಸು ಹತ್ತಿ ಅಗರಕ್ಕೆ ಹೋದೆ. ನಮ್ಮ ಚಿಕ್ಕಪ್ಪನ ಹೆಂಡತಿ ಗುರುಸಿದ್ದಮ್ಮ ಇನ್ನೂ ಇದ್ದಾಳೆ. ಆ ಮನೆಗೆ ಸೊಸೆಯಾಗಿ ಬಂದು ಅಜ್ಜಿಯ ಪಕ್ಕದಲ್ಲೇ ಕೂತು ಒಲೆ ಊದಿದವಳು. ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ನನ್ನದಕ್ಕಿಂತ ಚುರುಕು. ಚಿಕ್ಕವ್ವ, ನೀನೇ ಹೇಳು, ಅಜ್ಜಿ ಸತ್ವವೆಲ್ಲ ಕಟ್ಟಿನಲ್ಲಿದೆ ಎನ್ನುತ್ತಿರಲಿಲ್ಲವೇ ಎಂದು ಕೇಳಿದೆ. ಅವಳು ಹೌದು ಎಂದ ತಕ್ಷಣ ನಿನಗೆ ಫೋನು ಮಾಡಿಸಿ ಅವಳ ಬಾಯಿಂದಲೇ ಹೇಳಿಸಬೇಕು ಎಂಬುದು ನನ್ನ ಯೋಚನೆ.

ಅವಳು ನಕ್ಕಳು. "ಅಯ್ಯೋ ನಮ್ಮವ್ವ, ಅದ್ನ ಇನ್ನೂ ನಂಬ್ಕಂಡಿದ್ದಿಯಾ? ಮಡಕೇಲಿ ಕಾಳೆಲ್ಲಿತ್ತು? ಗೇಯೋ ಗಂಡಸ್ರಿಗೆ ಒಂದೊಂದು ಸೌಟು ಆಕುದ್ರೆ ತಳ ಕಾಣೋದು. ಮಕ್ಳು ಕಾಳು ಕೊಡು ಅಂತ ಅಳೋವು. ನಿಮ್ಮಜ್ಜಿ ಏನಂತ ಏಳಾಳು? ಸತ್ವ ಕಟ್ಟಲ್ಲದೆ ಅಂತ ಸಮಾಧಾನ ಮಾಡೋಳು. ನೀವು ಮಲಿಕಂಡ ಮ್ಯಾಲೆ ನನ್ ಮುಂದೆ ಕೂತ್ಕಂಡು ಕಣ್ಣೊರಸ್ಕಳೋಳು" ಎಂದಳು.

ನಾನು ಒಪ್ಪಲಿಲ್ಲ. ವಾದ ಮಾಡಿದೆ. ಅದಕ್ಕೆ ಅವಳು, "ಅವರೆ ಕಾಲ ಗ್ಯಾನ ಮಾಡ್ಕೊ. ಆಗ ನಿಮ್ಗೆ ಕಟ್ಟು ಕುಡಿಸಿದ್ಳಾ?" ಎಂದು ಕೇಳಿದಳು.

ನೆನಪಾಯಿತು ಶೃತಿ. ಸಂಕ್ರಾಂತಿಯ ಹೊತ್ತಿಗೆ ಹೊಲದಿಂದ ಅವರೆ ಬಂದು ಅಂಗಳದಲ್ಲಿ ರಾಶಿ ಬೀಳುತ್ತಿತ್ತು. ಸುಲಿದು ಸುಲಿದು ನಮ್ಮ ಉಗುರು ಕಪ್ಪಾಗುತ್ತಿತ್ತು. ಆ ದಿನಗಳಲ್ಲಿ ಅಜ್ಜಿ ಹಿತಕಿದ ಅವರೆಕಾಳನ್ನು ನಮ್ಮ ತಟ್ಟೆಗೆ ತುಂಬಿಸಿ ಬಡಿಸುತ್ತಿದ್ದಳು, ಇನ್ನೂ ತಿನ್ನು, ಇನ್ನೂ ತಿನ್ನು ಎಂದು ಬಾಯಿಗೆ ತುರುಕುತ್ತಿದ್ದಳು. ಹೊಟ್ಟೆ ಉಬ್ಬರಿಸುತ್ತದೆ ಎಂದು ಒಂದು ದಿನವೂ ಹೇಳಲಿಲ್ಲ. ಸತ್ವದ ಮಾತು ಆಗ ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಕಾಳಿದ್ದಾಗ ಕಾಳು, ಇಲ್ಲದಾಗ ಸುಳ್ಳು. ಆ ಸುಳ್ಳನ್ನು ಅವಳು ಕಾಳಿಲ್ಲದ ದಿನಗಳಿಗೆಂದು ಹೇಳಿದ್ದಳು, ನಾನು ಅದನ್ನು ಮೂಟೆಗಳಿರುವ ಮನೆಗೆ ತಂದು ಪದ್ಧತಿ ಮಾಡಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ ಆದೆ. ಬರುವಾಗ ಬಸ್ಸಿನಲ್ಲಿ ಕಣ್ಣು ಒದ್ದೆಯಾಯಿತು. ಕಿಟಕಿಯ ಧೂಳು ಎಂದು ಪಕ್ಕದವಳಿಗೆ ಹೇಳಿದೆ. ನಿನಗೆ ನಿಜ ಬರೆಯುತ್ತಿದ್ದೇನೆ.

ಕಟ್ಟು ಕುಡಿದೇ ನಿನ್ನ ಗಂಡನೂ ಬೆಳೆಯಲಿಲ್ಲವೇ ಎಂದು ಒಂದು ದಿನ ಮನಸ್ಸನ್ನು ಸಮಾಧಾನ ಮಾಡಿಕೊಂಡಿದ್ದೆ. ಅದನ್ನೂ ಅವನೇ ಕೆಡಿಸಿದ. "ನಾನು ಅಟ್ಟದ ಮೇಲಿನ ಕಡ್ಲೆಕಾಯಿ ಮೂಟೆಗೆ ತೂತು ಮಾಡಿ ತಿಂದು ಬೆಳ್ದೆ ಕಣವ್ವ. ಇಲಿ ಅಂತ ನೀನು ಬೋನು ಇಟ್ಟಿದ್ದೆ" ಎಂದ. ಆ ಇಲಿಗೆ ನಾನು ಮೂರು ವರ್ಷ ಶಾಪ ಹಾಕಿದ್ದೇನೆ.

ಪ್ರೇಮಾಳ ಹತ್ತಿರಕ್ಕೂ ಹೋಗಿದ್ದೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಸೆರಗಿನ ತುಂಬ ಅವರೆಕಾಯಿ ತೆಗೆದುಕೊಂಡು ಹೋಗಿ ಅವಳ ಮುಂದೆ ಸುರಿದೆ, ಅವಳಿಗೆ ಅರ್ಥವಾಯಿತು. ಇಬ್ಬರೂ ಕೂತು ಸುಲಿದೆವು. ನಮ್ಮ ಮಗು ಅಳುವುದೇ ಇಲ್ಲ, ಅಷ್ಟು ಸಾಧು ಎಂದು ಹಳೆಯ ಚಾಳಿಯಲ್ಲಿ ನಾನು ಶುರು ಮಾಡಿದೆ. ಅವಳು ಕಾಯಿ ಬಿಡಿಸುತ್ತ ತಲೆ ತಗ್ಗಿಸಿಕೊಂಡೇ, "ಮೈಗೆ ಸಾಕಾಗೋವಷ್ಟು ಬೀಳ್ದಿದ್ರೆ ಮಕ್ಳಿಗೆ ಆಡಾಕೂ ಅಳಾಕೂ ಕಸುವಿರಲ್ಲ ಕಣವ್ವ" ಎಂದಳು. ಉಳಿದ ಕಾಯನ್ನೆಲ್ಲ ನಾನೇ ಸುಲಿದೆ.

ಈ ಕಾಗದದ ಜೊತೆ ಒಂದು ಚೀಲ ಕಳುಹಿಸುತ್ತಿದ್ದೇನೆ. ಹನೂರಿನ ಕಡೆಯಿಂದ ಫ್ಯಾಕ್ಟರಿಗೆ ಕಬ್ಬು ತರುವ ಶಿವಮಲ್ಲಪ್ಪ ಖಾಲಿ ಟ್ರ್ಯಾಕ್ಟರಿನಲ್ಲಿ ವಾಪಸು ಹೋಗುವಾಗ ಒಯ್ಯುತ್ತಾನೆ, ಹನೂರಿನಲ್ಲಿ ರಾಮಾಪುರದ ಬಸ್ಸಿಗೆ ಹಾಕುತ್ತಾನೆ. ಸುಲಿದ ಅವರೆಕಾಳು ಇದೆ, ಬೇಗ ಬೇಯಿಸು, ಬಿಸಿಲಿಗೆ ಕೆಡುತ್ತದೆ. ಹುರಿದು ಪುಡಿ ಮಾಡಿದ ಕಡಲೆಬೀಜ ಇದೆ, ರಾಗಿ ಗಂಜಿಗೆ ಒಂದೊಂದು ಚಮಚ ಹಾಕು. ತುಪ್ಪದ ಡಬ್ಬಿಯ ಮುಚ್ಚಳ ಸಡಿಲ, ನೋಡಿಕೊಂಡು ತೆಗೆ. ಹೊಸ ಉಡಿದಾರ ಒಂದು ಇದೆ. ಉದ್ದವಾಗಿಯೇ ತಂದಿದ್ದೇನೆ, ಅವನ ಸೊಂಟ ಬೆಳೆಯಲಿ.

ಬೇಗ ಬಾ ಎಂದು ಬರೆಯುವುದಿಲ್ಲ. ಅಲ್ಲಿ ಅವನಿಗೆ ಊಟ ಹತ್ತುತ್ತಿದ್ದರೆ ಪಟ್ಟಿ ಹಸಿರಿಗೆ ಬರುವವರೆಗೆ ಇರು. ಅಲ್ಲಿಯ ಅಂಗನವಾಡಿಯಲ್ಲಿ ತೂಕ ಹಾಕಿಸುವುದನ್ನು ತಪ್ಪಿಸಬೇಡ. ಬರಬೇಕು ಅನ್ನಿಸಿದ ದಿನ ಬಾ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನಮ್ಮ ಅತ್ತೆ ನನಗೆ ಸೌಟು ಕೊಡುವಾಗ ಮುಖ ಊದಿಸಿಕೊಂಡು ಹೇಳಿದ್ದರು. ನಾನು ಮುಖ ಊದಿಸಿಕೊಳ್ಳುವುದಿಲ್ಲ. ಸೌಟು ಗೂಟಕ್ಕೆ ನೇತುಹಾಕಿದ್ದೇನೆ, ನೀನು ಬಂದು ತೆಗೆದುಕೊ. ಕಾಳನ್ನು ಮೊದಲು ಮಗುವಿನ ತಟ್ಟೆಗೆ ಹಾಕು, ಆಮೇಲೆ ನಿನ್ನದಕ್ಕೆ. ಕಟ್ಟಿನ ಮೇಲೆ ಅಷ್ಟು ಆಸೆ ಇರುವವಳು ನಾನು ಒಬ್ಬಳೇ, ನಾನು ಕುಡಿಯುತ್ತೇನೆ.

ಇಂತಿ,
ಕಾಳು ಬಡಿಸಲು ತಡವಾಗಿ ಕಲಿತ ನಿನ್ನ ಅತ್ತೆ
ಪುಟ್ಟಮಲ್ಲಮ್ಮ

ಮರೆತ ಮಾತು: ನನ್ನ ವಿಷಯ ಕೊನೆಯಲ್ಲಿ ಎಂದಿದ್ದೆನಲ್ಲ. ಮೊನ್ನೆ ಸಂಜೆ ಬಸವೇಶ ನಿನ್ನ ಜೊತೆ ಮಾತಾಡುತ್ತಿದ್ದಾಗ ಫೋನಿನ ಆ ಕಡೆಯಿಂದ ಯಾವುದೋ ಮಗು ಸೂರು ಹಾರಿಹೋಗುವ ಹಾಗೆ ಅಳುತ್ತಿತ್ತು. "ಯಾರ ಮಗ ಕಣ್ಲಾ ಅದು, ಪಕ್ಕದ ಮನೇದಾ?" ಎಂದು ಕೇಳಿದೆ. "ನಮ್ದೇ ಕಣವ್ವ. ಬಟ್ಲು ತೆಗೆದಿಟ್ರೆ ಇನ್ನೂ ಬೇಕು ಅಂತ ಅಳ್ತಾನಂತೆ" ಎಂದ. ವರ್ಷವಿಡೀ ಅವನ ಮೈಗೆ ನೀರು ಹಾಕಿ ತೊಡೆಯ ಮೇಲೆ ಮಲಗಿಸಿಕೊಂಡವಳು ನಾನು. ಅವನ ಅಳು ನನಗೆ ಗುರುತು ಸಿಗಲಿಲ್ಲ. ನನ್ನ ಫೋನು ಎತ್ತದಿದ್ದರೆ ಬೇಡ, ಮಾತೂ ಆಡಬೇಡ. ಅವನು ಅಳುವಾಗ ಒಂದು ಸಲ ನೀನೇ ಫೋನು ಮಾಡಿ ಅವನ ಬಾಯಿಯ ಹತ್ತಿರ ಹಿಡಿ.