ಒಳಗೆ ಮಡಚಿ ಬಿಟ್ಟ ಬಟ್ಟೆ

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಿಂದ,
ಬುಧವಾರ, ಊಟವಾದ ಮೇಲೆ

ಪ್ರೀತಿಯ ಮಗನಿಗೆ,

ನಿನ್ನ ಹೊಟ್ಟೆನೋವು ಹೇಗಿದೆ? ಹೋಟೆಲಿನಲ್ಲಿ ಖಾರ ಕಡಿಮೆ ಹಾಕಿಸಿಕೋ. ನನ್ನ ಮಂಡಿ ನಾನು ಹೇಳಿದ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ. ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದಾರೆ. ಕ್ಷೇಮ ಸಮಾಚಾರ ಮುಗಿಯಿತು. ಇನ್ನು ಬೈಗುಳ.

ಆ ದೊಡ್ಡ ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಕಲಿಯುತ್ತಾ ನೀನು ಕಳಿಸಿದ, ಬಟ್ಟೆ ಕತ್ತರಿಸುವ ಕಾಗದದ ಅಚ್ಚು ತಲುಪಿತು. ಈ ವರ್ಷದ ಶಾಲೆಯ ಯೂನಿಫಾರ್ಮುಗಳನ್ನೂ ಹೋದ ವರ್ಷದ ಹಾಗೇ ಕತ್ತರಿಸಬೇಕು, ಅಂಚಿನಲ್ಲಿ ಒಳಗೆ ಮಡಚಲು ಬೆರಳಗಲ ಬಿಟ್ಟರೆ ಸಾಕು, ‘ಇದಕ್ಕೆ ಮಿತವ್ಯಯ ಅಂತಾರೆ ಅಮ್ಮ’ ಎಂದು ಬರೆದಿದ್ದೀಯ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನಿನ್ನ ಹೆಂಡತಿಯನ್ನು ಕೇಳಿದೆ. “ಹಿಡಿತ ಅಂತ ಅತ್ತೆ, ದುಂದು ಮಾಡದೇ ಇರೋದು” ಅಂದಳು. ಹಾಗಾದರೆ ಆ ಮಾತಿನ ಅರ್ಥ ನನಗೆ ಗೊತ್ತು. ಗೊತ್ತಿಲ್ಲದಿರುವುದು ನಿನಗೆ.

ನಿಮ್ಮಪ್ಪನನ್ನು ಬೀದಿಯವರೆಲ್ಲ ಜುಗ್ಗ ಎನ್ನುತ್ತಿದ್ದರು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ ಅಂತ ನಮ್ಮಕ್ಕನೇ ನನ್ನೆದುರು ಆಡಿಕೊಂಡಿದ್ದಳು. ಸುಳ್ಳೇನಲ್ಲ. ಸೀಮೆಸುಣ್ಣ ಸವೆದು ಕೈಗೆ ಸಿಗದಂತಾದ ಮೇಲೆ ಉಗುರಿನಲ್ಲೇ ಗೆರೆ ಎಳೆಯುತ್ತಿದ್ದರು. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಟ್ಟುಕೊಂಡು ಗುಂಡಿ ಹಚ್ಚುತ್ತಿದ್ದರು. ಆದರೆ ಮಕ್ಕಳ ಬಟ್ಟೆಗೆ ಕತ್ತರಿ ಹಾಕುವಾಗ ಮಾತ್ರ ಕೆಳಗೆ ಅಂಗೈ ಅಗಲ ಬಟ್ಟೆ ಒಳಗೆ ಮಡಚಿಯೇ ಬಿಡುತ್ತಿದ್ದರು. ನಾನು ಗೊಣಗಿದರೆ, “ಮುಂದಿನ ವರ್ಷ ಬಿಚ್ಚಿಕೊಳ್ಳಲಿ ಬಿಡೇ. ಮಗು ಬೆಳೆಯುತ್ತೆ, ಬಟ್ಟೆ ಬೆಳೆಯುತ್ತಾ?” ಅನ್ನುತ್ತಿದ್ದರು. ಅವರು ಹಿಡಿದದ್ದು ತಮ್ಮ ಕೈಯನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಸರಿ. ನೀನು ಊರ ಮಕ್ಕಳ ಕಾಲು ಬೆಳೆಯುವುದು ನೋಡಿಯೂ ಹಾಸಿಗೆಯನ್ನೇ ಕತ್ತರಿಸಿದ್ದೀಯಲ್ಲೋ.

ನಿನ್ನೆ ಆಸ್ಪತ್ರೆಯ ನರ್ಸಮ್ಮ ತನ್ನ ಹುಡುಗಿಯರ ಹಳೆಯ ಯೂನಿಫಾರ್ಮು ತಂದಿದ್ದಳು, ಉದ್ದ ಬಿಡಿಸಿಕೊಳ್ಳಲು. ನೀನು ಕತ್ತರಿಸಿದ್ದು. ನಿನ್ನ ಹೆಂಡತಿ ಹೊಲಿಗೆ ಬಿಚ್ಚಿದಳು, ಒಳಗೆ ಏನಿದೆ ಮಣ್ಣು. “ಏನ್ರೀ ಇದು, ಹಳೇ ಟೈಲರ್ ಮಾಸ್ಟ್ರು ಹೋದ್ರು, ಅವರ ಜೊತೆ ಬಟ್ಟೇನೂ ಹೋಯ್ತಾ?” ಅಂದಳು ನರ್ಸಮ್ಮ. ಬೆಂಚಿನ ಮೇಲೆ ಕೂತಿದ್ದ ಇಬ್ಬರು ಗಿರಾಕಿಗಳು ತಮ್ಮ ಬಟ್ಟೆಗಂಟು ಎತ್ತಿಕೊಂಡು ಸದ್ದಿಲ್ಲದೆ ಎದುರಿನ ಅಂಗಡಿ ಹತ್ತಿದರು. ನಿನ್ನ ಹೆಂಡತಿ ತಲೆ ತಗ್ಗಿಸಿ, “ನಾನೇ ಕತ್ತರಿಸಿದ್ದು, ತಪ್ಪಾಯ್ತು” ಎಂದಳು. ಕತ್ತರಿ ನಿನ್ನದು, ತಪ್ಪು ಅವಳದು. ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೆ.

ಆದ್ದರಿಂದ ಕೇಳಿಸಿಕೋ. ಈ ವರ್ಷದ ಬಟ್ಟೆಯನ್ನು ಅತ್ತೆ ಸೊಸೆ ಇಬ್ಬರೂ ಕೂತು ಅಂಗೈ ಅಗಲ ಬಿಟ್ಟೇ ಕತ್ತರಿಸಿಯಾಗಿದೆ. ನರ್ಸಮ್ಮನಿಗೆ ಅದೇ ಬಟ್ಟೆಯ ಥಾನಿನಿಂದ ಪಟ್ಟಿ ತೆಗೆದು ಸೇರಿಸಿ ಕೊಟ್ಟಿದ್ದೇವೆ, ಕೂಲಿ ಇಲ್ಲದೆ. ಬಂದು ಕುಣಿಯಬೇಡ. ನಿನ್ನ ಅಚ್ಚನ್ನು ನಾನು ಬಿಸಾಡಲಿಲ್ಲ. ಹಿಂಬದಿ ಖಾಲಿ ಇತ್ತು, ಅದರ ಮೇಲೇ ಈ ಪತ್ರ ಬರೆಯುತ್ತಿದ್ದೇನೆ. ಹಿಡಿತ ಅಂದರೆ ಇದಪ್ಪ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬೆರಳಿಗೆ ಕತ್ತರಿ ತಾಗದಿರಲಿ, ನಿನಗೆ ಬುದ್ಧಿ ಬೇಗ ಬರಲಿ.

ಬೈಯುತ್ತಲೇ ಹರಸುವ
ನಿನ್ನ ಅಮ್ಮ

ಮರೆತಿದ್ದೆ: ಹೋಗುವ ಮುಂಚೆ ಮಗಳಿಗೆಂದು ನೀನು ಹೊಲಿದ ನೀಲಿ ಫ್ರಾಕು ಈಗ ಅವಳ ಮಂಡಿ ಮುಟ್ಟುವುದಿಲ್ಲ. ಬೆಳಗ್ಗೆ ಕೂತು ಅಂಚು ಬಿಚ್ಚಿದೆ. ಅಲ್ಲೂ ಬೆರಳಗಲವೇ. ಪಕ್ಕದಲ್ಲೇ ಕೂತು ನೋಡುತ್ತಿದ್ದವಳು ಕೇಳಿದಳು, “ಅಜ್ಜಿ, ನಾನು ಉದ್ದ ಆಗ್ತೀನಿ ಅಂತ ಅಪ್ಪಂಗೆ ಗೊತ್ತಿರ್ಲಿಲ್ವಾ?” ನೀನೇ ಬರೆದು ತಿಳಿಸು.