ಕಟ್ಟಿದ ಉಸಿರು

ಜುಲೈ 14, ಸೋಮವಾರ. ಬೆಳಿಗ್ಗೆ

ಇಂದೂ ಕೆರೆಯ ಕಡೆ ನಡೆದೆವು. ನಡೆದೆವು ಎಂದರೆ... ನಮ್ಮನೆಯವರು ಮುಂದೆ, ನಾನು ಹಿಂದೆ. ಇವರ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು ಹೇಳಿದ್ದೇ ಬೇರೆ. "ಜೋಡಿಲೆ ನಡೀರಿ ಅಜ್ಜಾರ. ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಅಷ್ಟ ಜೋರು ಇರ್ಲಿ."

ತಿರ್ಲಾಪುರದ ಓಣಿಯಲ್ಲಿ ಹೆಂಡತಿಯ ಬಾಜು ನಡೆಯುವ ಮುದುಕ ಯಾರಿದ್ದಾನೆ? ನನಗೆ ಕಾಣುವುದು ಬೆನ್ನು ಮಾತ್ರ. ಬೆನ್ನು ನೋಡಿ ಎದೆಯ ಸ್ಥಿತಿ ತಿಳಿಯುವುದು ಹೇಗೆ?

ಏದುಸಿರು ಬಂತೆಂದು ಅರ್ಧದಲ್ಲೇ ತಿರುಗಿದರು. ಬಾಜು ಮನೆಯ ರಾಜಮಾಬಿ ಕಟ್ಟೆಯ ಮೇಲೆ ಕೂತಿದ್ದಳು. "ಅಕ್ಕಾ, ಹಂಗ ಓಡಬ್ಯಾಡ. ಹೆಸರ ಹಿಡದ ಕರಿ, ನಿಂದರ್ತಾರ!"

ನಾಲಿಗೆ ಕಚ್ಚಿಕೊಂಡೆ. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಅವ್ವ ಹೇಳುತ್ತಿದ್ದಳು.

ಜುಲೈ 17, ಗುರುವಾರ

ನಡೆಯಲು ಯಾಕೆ ಇಷ್ಟು ಬೇಸರ ಎಂಬುದು ಇಂದು ಹೊರಬಿತ್ತು.

"ಶಿವಾ ಉಸುರು ಎಣಿಸಿ ಕೊಟ್ಟಿರ್ತಾನ. ನಡದು ಏದಿದ್ರ ಖರ್ಚು. ದಮ್ ಕಟ್ಟಿ ಭಾರ ಎತ್ತಿದ್ರ ಉಳಿತಾಯ. ನಮ್ಮ ಗರಡಿ ಉಸ್ತಾದ ತೊಂಬತ್ತು ದಾಟಿದ್ದ, ಗೊತ್ತೈತೇನ?"

"ಅವರ ಎದಿಯಾಗ ಸ್ಟೆಂಟ್ ಇದ್ದಿಲ್ಲಲ್ರಿ."

"ಏ, ಸುಮ್ನಿರ."

ಡಾಕ್ಟರು ಭಾರವೇ ಬೇಡ ಎಂದಿಲ್ಲ. ನೀರಿನ ಬಾಟಲಿ ಹಿಡಿದು ಕೈ ಎತ್ತಿ ಇಳಿಸಿ, ಎಲುಬು ಗಟ್ಟಿ ಇರುತ್ತದೆ. ಒಂಟಿಗಾಲಲ್ಲಿ ನಿಂತು ರೂಢಿ ಮಾಡಿ, ಮುಪ್ಪಿನಲ್ಲಿ ಬೀಳುವುದಿಲ್ಲ. ಉಸಿರು ಬಿಗಿಹಿಡಿದು ಎತ್ತುವುದೊಂದು ಬೇಡ, ಬಿಪಿ ಒಮ್ಮೆಲೇ ಏರುತ್ತದೆ. ಎಲ್ಲ ನೆನಪಿಸಿದೆ. ನಕ್ಕರು.

"ಒಂಟಿಗಾಲ ಮ್ಯಾಲ ನಿಂದ್ರಾಕ ನಾ ಏನ ಕೊಕ್ಕರೀನ?"

ಸಂಜೆ ಅಡುಗೆಮನೆಯಲ್ಲಿ ನಾನೇ ಒಂಟಿಗಾಲಲ್ಲಿ ನಿಂತು ನೋಡಿದೆ. ಗೋಡೆ ಹಿಡಿಯಬೇಕಾಯಿತು.

ಜುಲೈ 25, ಶುಕ್ರವಾರ

ಬರೆಯಲು ಮನಸ್ಸೇ ಆಗಿರಲಿಲ್ಲ. ನಡಿಗೆ ನಿಂತಿದೆ.

ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಇವರು ಜೋಳದ ಚೀಲ ತಬ್ಬಿ ಎತ್ತುತ್ತಿದ್ದಾರೆ. ಗಲ್ಲ ಉಬ್ಬಿ, ಮುಖ ಬದನೆಕಾಯಿಯ ಬಣ್ಣ. ಕೆಮ್ಮಿದೆ. ಇಳಿಸಿದರು.

"ಇಲಿ ನೋಡಾಕತ್ತಿದ್ದೆ."

ಇಲಿಯನ್ನು ಚೀಲ ತಬ್ಬಿಕೊಂಡು ನೋಡುತ್ತಾರೆಯೇ? ತಿಳಿಯಿತು. ನಾಗರ ಪಂಚಮಿ ಹತ್ತಿರ ಬಂತು. ಅಂದು ಹನುಮಪ್ಪನ ಗುಡಿಯ ಮುಂದಿನ ಸಂಗ್ರಾಣಿ ಕಲ್ಲನ್ನು—ಆ ದುಂಡು ಬಂಡೆಯನ್ನು—ಮೊದಲು ಎತ್ತುವ ಮಾನ ಗರಡಿಯ ಹಿರಿಯನದು, ಈಗ ಇವರದು. ಹೋದ ವರ್ಷ ದವಾಖಾನೆಯಲ್ಲಿದ್ದರು. ಈ ವರ್ಷ ಬಿಡುವವರಲ್ಲ.

ತಂಗಿ ಶೈಲಾಗೆ ಪತ್ರ ಬರೆದೆ. 'ಎಲ್ಲಾ ಆರಾಮ' ಎಂದೇ ಬರೆದೆ.

ಜುಲೈ 28, ಸೋಮವಾರ

ಇಂದು ನಾಗಚೌತಿ. ನಾಗಪ್ಪನಿಗೆ ಹಾಲೆರೆದು ಬೇಡಿದ್ದು ಒಂದೇ. ಮನೆಗೆ ಬಂದು ಉಂಡಿ ಮುಂದಿಟ್ಟೆ. "ಕಲ್ಲ ಎತ್ತೂದಿಲ್ಲ ಅಂತ ಹೇಳಿ ತಿನ್ರಿ."

ಹೇಳದೆಯೇ ತಿಂದರು. ಎರಡು.

ಜುಲೈ 29, ಮಂಗಳವಾರ. ಸಂಜೆ

ಇಂದು ಪಂಚಮಿ.

ಬೇವಿನ ಮರದ ಜೋಕಾಲಿಯ ಹತ್ತಿರ ಇದ್ದೆ. ರಾಜಮಾಬಿ ಬಂದು ತೋಳು ಹಿಡಿದು ಎಳೆದಳು. "ಅಕ್ಕಾ, ಅಣ್ಣಾರು ಕಲ್ಲ ಎತ್ತಾಕ ಕಚ್ಚಿ ಬಿಗದ್ರು!" ಓಡಿದೆ. ಗುಡಿಯ ಮುಂದಿನ ಮಂದಿಯನ್ನು ಸರಿಸಿ ಒಳಗೆ ಹೋಗುವಷ್ಟರಲ್ಲಿ ಕಲ್ಲು ಮೊಣಕಾಲಿಗೆ ಬಂದಿತ್ತು. ಕಣ್ಣು ಮುಚ್ಚಿದ್ದರು. ತುಟಿ ಬಿಗಿ.

"ರೀ" ಎಂದೆ. ಕೇಳಲಿಲ್ಲ. ಮಗಳ ಹೆಸರು ಹಿಡಿದು "ರೋಹಿಣಿ ಅಪ್ಪಾರ!" ಎಂದೆ. ಕಲ್ಲು ಹೊಟ್ಟೆಗೆ ಬಂತು. ಕುತ್ತಿಗೆಯ ನರ ಹಗ್ಗದಂತೆ...

"ಹೊಳೆಪ್ಪಾ!"

ಮದುವೆಯಲ್ಲಿ ಒಡಪು ಹಾಕಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದ ಹೆಸರು. ಇಂದು ಊರ ನಡುವೆ, ಎತ್ತನ್ನು ಕೂಗಿದ ಹಾಗೆ.

"ಆಂ?" ಎಂದು ಬಾಯಿ ತೆರೆದರು. ಕಟ್ಟಿದ ಉಸಿರೆಲ್ಲ ಹೋಯಿತು. ಕಲ್ಲು ಧಪ್ಪೆಂದು ಬಿತ್ತು. ಪುಣ್ಯಕ್ಕೆ ಕಾಲು ಆಚೆ ಇತ್ತು. ಆಮೇಲೆ ಯಾರೋ "ಕಲ್ಲ ಗೆದ್ದವಾ ಹೆಸರಿಗೆ ಸೋತ್ನಲೇ!" ಎಂದ. ಗುಡಿಯ ಅಂಗಳವೆಲ್ಲ ನಗೆ.

ಇವರು ನಗಲಿಲ್ಲ. ಧೋತರ ಝಾಡಿಸಿ ಮನೆಗೆ ನಡೆದರು.

ಉಳಿಸಿದೆನೋ, ಅವ್ವ ಹೇಳಿದಂತೆ ಆಯುಷ್ಯವನ್ನು ನಾನೇ ಕಡಿದೆನೋ? ಇದನ್ನು ಡಾಕ್ಟರ ಹತ್ತಿರ ಕೇಳಲು ಬರುವುದಿಲ್ಲ.

ಜುಲೈ 30, ಬುಧವಾರ. ಬೆಳಿಗ್ಗೆ

ನಾನು ಏಳುವ ಮೊದಲೇ ಚಪ್ಪಲಿ ಮೆಟ್ಟಿ ಹೊಸ್ತಿಲ ಹೊರಗೆ ನಿಂತಿದ್ದರು. ಹೊರಟೆವು—ಮುಂದೆ ಅವರು, ಹಿಂದೆ ನಾನು. ಓಣಿ ದಾಟುವಾಗ ತಟ್ಟನೆ ನಿಂತರು. ನೋವೇನಾದರೂ...

"ಹಿಂದಿಂದ ಕರದ್ರ ಊರಿಗೆಲ್ಲಾ ಕೇಳ್ತದ" ಎಂದರು, ತಿರುಗದೆಯೇ. "ಬಾಜು ಬಾ."

ರಾಜಮಾಬಿ ಕಟ್ಟೆಯ ಮೇಲೇ ಇದ್ದಳು. ಇವರು ಹೆಜ್ಜೆ ಚುರುಕು ಮಾಡಲಿಲ್ಲ. ಕೆರೆಯ ಹತ್ತಿರ ಕೇಳಿದೆ, "ಹಾಡಾಕ ಬರ್ತದೇನ್ರಿ?"

"ಇಲ್ಲ."

"ಮಾತಾಡಾಕ?"

"ಬೈಯಾಕ ಬರ್ತದ."

ಸರಿಯಾದ ನಡಿಗೆ ಹಾಗಾದರೆ. ಆದರೂ ಮುಖ ಕೊಂಚ ಬಿಳಿಚಿಕೊಂಡಿತ್ತು. ಮುಂದಿನ ವಾರ ದವಾಖಾನೆಗೆ—

ಹಿತ್ತಿಲಿನಿಂದ ಕರೆಯುತ್ತಿದ್ದಾರೆ. ಒಂಟಿಗಾಲಲ್ಲಿ ನಿಂತಿದ್ದಾರಂತೆ, ಬಂದು ನೋಡಬೇಕಂತೆ. ಗೋಡೆ ಹಿಡಿದಿದ್ದಾರೋ ಇಲ್ಲವೋ—